ಕತ್ತರಿ ಭಾವ ಕಡಲು ನೋಡಿದ್ದು

ನನ್ನ ಅಕ್ಕನ ಗಂಡ ದರ್ಜಿ. ತಮ್ಮ ಕತ್ತರಿಯನ್ನು ಇನ್ನೊಬ್ಬರು ಮುಟ್ಟಲು ಬಿಡದ ಕಾರಣ ಬೀದಿಗೆಲ್ಲ ಅವರು ಕತ್ತರಿ ಭಾವ. ಅಕ್ಕನಿಗೂ ವಿನಾಯಿತಿ ಇರಲಿಲ್ಲ. ಅಂಗಡಿಯೋ ಇಕ್ಕಟ್ಟು. ಭಾವ ಬೀದಿಯ ಕಡೆ ಮುಖ ಮಾಡಿ ಬಟ್ಟೆ ಕತ್ತರಿಸುತ್ತಿದ್ದರು, ಅಕ್ಕ ಗೋಡೆಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದಳು. ಮದುವೆಯಾದಾಗಿನಿಂದ ಬೆನ್ನಿಗೆ ಬೆನ್ನು ಹಾಕಿಕೊಂಡೇ ಸಂಸಾರ, ಜಗಳ, ನಗು ಎಲ್ಲ.

ಅಕ್ಕನಿಗೆ ಸಮುದ್ರದ ಹುಚ್ಚು. ಹಳೆಯ ಗಿರಾಕಿಯೊಬ್ಬರು ಪರದೇಶದ ಕಡಲತೀರದ ಲಾಡ್ಜೊಂದರಲ್ಲಿ ಕೆಲಸ ಗೊತ್ತುಮಾಡಿಕೊಟ್ಟರು. ಜನ ಬಾರದ ತಿಂಗಳುಗಳಲ್ಲಿ ಕೋಣೆಗಳಿಗೆಲ್ಲ ಹೊಸ ಪರದೆ ಹೊಲಿಯಬೇಕು. ಊಟ, ವಸತಿ ಪುಕ್ಕಟೆ. ಮಧ್ಯಾಹ್ನದ ಮೇಲೆ ಬಸ್ಸು ಹತ್ತಿ ತೀರದುದ್ದಕ್ಕೂ ಎಲ್ಲಿ ಬೇಕಾದರೂ ಸುತ್ತಬಹುದು. ಎಲ್ಲರೂ ಕ್ಯಾಮರಾ ಒಯ್ಯುತ್ತಾರೆ, ನಮ್ಮ ಮಹಾನುಭಾವರು ಟವೆಲಿನಲ್ಲಿ ಸುತ್ತಿ ಕತ್ತರಿ ಒಯ್ದರು.

ಒಂದು ದಿನ ಹಡಗುಗಳ ಬಂದರು, ಇನ್ನೊಂದು ದಿನ ದೀಪಸ್ತಂಭ ಎಂದು ತಿರುಗಿದ್ದೇ ತಿರುಗಿದ್ದು. ಒಮ್ಮೆ ಭಾವ ದೋಣಿ ಎಷ್ಟು ಚೆನ್ನಾಗಿದೆ ನೋಡು ಎಂದು ಬೆರಳು ತೋರಿದ ಕಡೆ ಬರೀ ಬಂಡೆ ಇತ್ತಂತೆ. ತಮಾಷೆ ಇರಬೇಕು ಎಂದುಕೊಂಡಳು ನನ್ನ ಬೆಪ್ಪು ಅಕ್ಕ. ಅವಳ ಕಣ್ಣೆಲ್ಲ ನೀರಿನ ಮೇಲೆ.

ಲಾಡ್ಜಿನಲ್ಲೂ ಹಳೇ ರೂಢಿಯೇ. ಭಾವ ಕಿಟಕಿಯ ಬಳಿ ಕತ್ತರಿಸುವುದು, ಅಕ್ಕ ಒಳಕೋಣೆಯಲ್ಲಿ ಬಲ್ಬಿನ ಬೆಳಕಿಗೆ ಅಂಚು ಹೊಲಿಯುವುದು. ಅವರು ಕತ್ತರಿಸಿದ್ದನ್ನು ಅವಳು ತಿರುವಿ ನೋಡಿದವಳೇ ಅಲ್ಲ. ಊಟದ ಕೋಣೆಯ ಪರದೆಗಳನ್ನು ಬಿಸಿಲಿಗೆ ತೂಗುಹಾಕಿ ಏಣಿ ಇಳಿದು ನೋಡುತ್ತಾಳೆ, ಅರ್ಧ ಕಡುನೀಲಿ, ಅರ್ಧ ಕಪ್ಪು!

"ಎಲ್ಲಾ ನೀಲಿನೇ ಅಲ್ವಾ?" ಎಂದರು ಭಾವ, ಪರದೆಯ ಎದುರೇ ನಿಂತು.

ಆಗ ಅಕ್ಕ ಅವರ ಮುಖವನ್ನು ನೆಟ್ಟಗೆ ನೋಡಿದಳು. ಅಷ್ಟು ಬೆಳಕಿನಲ್ಲಿ ನೋಡಿ ಯಾವ ಕಾಲವಾಗಿತ್ತೋ. ಎರಡೂ ಕಣ್ಣಲ್ಲಿ ಪೊರೆ ಬೆಳ್ಳಗೆ ಕೂತಿತ್ತು.

"ನಂಗೊತ್ತಿತ್ತು. ಹೇಳಿದ್ರೆ ಕತ್ತರಿ ಬಿಡು ಅಂತೀಯ. ಕತ್ತರಿ ಬಿಟ್ಟು ನಾನೇನು ಮಾಡ್ಲಿ?" ಎಂದರಂತೆ.

ಡಾಕ್ಟರ ಮಾತೆತ್ತಿದರೆ, ಆಪರೇಷನ್ ಕೆಟ್ಟರೆ ಇರುವ ಚೂರೂ ಹೋಗುತ್ತದೆ ಎಂಬ ಒಂದೇ ಹಟ. ನಾನಾಗಿದ್ದರೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದೆ. ಅಕ್ಕ ಲಾಡ್ಜಿನ ಒಡತಿಗೆ ಇದ್ದದ್ದನ್ನು ಹೇಳಿ, ಹೊಲಿಗೆ ಮೇಜನ್ನು ಎಳೆದು ಕಿಟಕಿಗೆ ತಂದು, ಗಂಡನ ಎದುರಿಗೇ ಕೂತಳು. ಪ್ರತಿ ಬಟ್ಟೆಗೂ ಬಣ್ಣ ಹೇಳಿ ಕೈಗೆ ಕೊಟ್ಟಳು. ಭಾವ ಮುಖ ಊದಿಸಿಕೊಂಡೇ ಕತ್ತರಿಸಿದರು. ಪರದೆಗಳೆಲ್ಲ ಮುಗಿಯುವವರೆಗೂ ಬಸ್ಸು ಹತ್ತಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಭಾವ ತಾವಾಗಿಯೇ ಸುತ್ತಲು ಹೊರಟರು. ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟರು. ತೀರದ ರಸ್ತೆ ಬಂದಾಗ ಚೀಲದಿಂದ ಟವೆಲಿನ ಗಂಟು ತೆಗೆದು ಅವಳ ಮಡಿಲಲ್ಲಿಟ್ಟರು.

"ಆಪರೇಷನ್ ಆಗಿ ಕಣ್ಣು ವಾಸಿಯಾಗೋವರೆಗೂ ನೀನೇ ಕತ್ತರಿಸು. ಹಾಳು ಮಾಡ್ಬೇಡ," ಎಂದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, "ಈಗ ಹೇಳು, ನೀರು ಯಾವ ಬಣ್ಣ ಇದೆ?"

ಅಕ್ಕ ದಡದ ಹತ್ತಿರ ನೋಡಿದಳು, ದೂರಕ್ಕೂ ನೋಡಿದಳು.

"ನಿಮ್ಮ ಪರದೆ ಥರಾನೇ," ಎಂದಳು. "ಅರ್ಧ ನೀಲಿ, ಅರ್ಧ ಕಪ್ಪು."