ಕಾಕಾನ ನೀಲಿ

…ಅಥವಾ ಅದು ಅಷ್ಟು ನೀಲಿ ಇರಲೇ ಇಲ್ಲವೇನೋ. ನೆನಪಿಗೆ ಆ ಬಣ್ಣವನ್ನು ನಾನೇ ಆಮೇಲೆ ಬಳಿದಿರಬಹುದು. ಇವತ್ತು ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯಲು ಬಂದ ಹುಡುಗಿ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ನಾಶಿಕದ ಹತ್ತಿರದ ಓಝರ್ ಕ್ವಾರ್ಟರ್ಸಿನ ಹಿತ್ತಿಲ ಕಟ್ಟೆ, ಸ್ಪಿರಿಟ್ ದೀಪ, ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತ ಪಕ್ಕದ ಮನೆಯ ಕಾಕಾ...

ಎಪ್ಪತ್ತನೇ ಇಸವಿಯ ಆಚೀಚೆ. ಅಲ್ಲಿನ ವಿಮಾನ ಕಾರ್ಖಾನೆಗೆ ಸೇರಿದ ಹೊಸತರಲ್ಲೇ ನನಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಕಲಬುರಗಿ ಕಡೆಯ ಕಾಕಾನಿಗೆ ಅದು ಹಳೆಯದು. ಕುದಿಸಿದ ಗಾಜಿನ ಸಿರಿಂಜಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಿದವರು ಅವರೇ. ಬೆಳಿಗ್ಗೆ ಇಬ್ಬರೂ ಔಷಧದ ಕಂದು ಶೀಸೆಯಲ್ಲಿ ಮೂತ್ರ ತಂದು ಒಂದೇ ದೀಪದ ಮೇಲೆ ಪರೀಕ್ಷಿಸುತ್ತಿದ್ದೆವು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಕೆಲವು ಹನಿ. ಕುದಿಸಿದ ಮೇಲೂ ನೀಲಿಯೇ ಉಳಿದರೆ ಸಕ್ಕರೆಯಿಲ್ಲ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ ಇದೆ. ಕಾಕಾನದು ಯಾವತ್ತೂ ನೀಲಿ.

"ಏನಪಾ, ಮತ್ತ ಇಟ್ಟಂಗಿ ಭಟ್ಟಿ ಹಚ್ಚೀಯಲ್ಲೋ! ನಾಲಿಗಿ ಕಟ್ಟಿಡು. ನನ್ನ ನೋಡು."

ನೋಡಿದೆ. ನೋಡಿ ನೋಡಿ ಊಟದ ಜೋಳದ ಭಕ್ರಿ ಅರ್ಧ ಮಾಡಿದೆ, ಯಾರಾದರೂ ನಿಫಾಡದ ದ್ರಾಕ್ಷಿ ತಂದರೆ ಎದ್ದು ಹೋದೆ. ಒಂದು ದಿನ ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ಕಾರ್ಖಾನೆಯ ಬಸ್ ಹತ್ತಿ, ಸಕ್ಕರೆ ತೀರಾ ಇಳಿದು ಬೆವರಿ ಕುಸಿದೆ. ಪಕ್ಕದಲ್ಲಿ ಕೂತಿದ್ದ ಕಾಕಾ ತಮ್ಮ ಕಿಸೆಯಿಂದ ಪೇಢಾ ತೆಗೆದು ಬಾಯಿಗಿಟ್ಟರು. ಮಬ್ಬು ಹರಿದಾಗ ನಾಲಿಗೆಯ ಮೇಲೆ ಏಲಕ್ಕಿಯ ರುಚಿ. ಎಂಥ ಮುಂದಾಲೋಚನೆ ಎಂದುಕೊಂಡೆ.

ಮುಂದಿನ ವರ್ಷವೋ ಏನೋ, ಸಕ್ಕರೆ ಏರಿ ಹುಣ್ಣು ಮಾಯದೆ, ನಾಶಿಕದ ಆಸ್ಪತ್ರೆಯಲ್ಲಿ ಕಾಕಾನ ಕಾಲು ಕತ್ತರಿಸಿದರು. ವಾರ್ಡಿನ ಹೊರಗೆ ಅವರ ಹೆಂಡತಿ ಕೂತಿದ್ದರು.

"ದಿನಾ ನೀಲಿನೇ ಬರ್ತಿತ್ತಲ್ರೀ ಕಾಕು!" ಎಂದೆ.

"ಎಲ್ಲಿ ನೀಲಿನೋ ತಮ್ಮಾ! ಬಚ್ಚಲಕ್ಕ ಹೋಗಿ ಶೀಸೆದಾಗ ನೀರು ತುಂಬಿ ತರ್ತಿದ್ರು. 'ಹುಡುಗ ನನ್ನ ನೋಡ್ತಾನ, ನೀ ಸುಮ್ನಿರು' ಅಂತ ನನಗ ದಬಾಯಿಸ್ತಿದ್ರು."

ಬರಿಯ ನೀರು! ನಾನು ಹಸಿದದ್ದು ನಲ್ಲಿನೀರಿಗೆ ಸರಿಸಮನಾಗಲು. ಈ ಕಾಯಿಲೆಯಲ್ಲಿ ನನಗೊಬ್ಬ ಜೊತೆಗಾರನಿದ್ದಾನೆ, ಅವನು ಗೆದ್ದಿದ್ದಾನೆ, ನಾನೂ ಗೆಲ್ಲಬಹುದು ಎಂದು ನಂಬಿದ್ದೆ. ಒಳಗೆ ಹೋಗದೆ ಓಝರ್ ಬಸ್ ಹಿಡಿದೆ. ಅವರು ಕ್ವಾರ್ಟರ್ಸಿಗೆ ಮರಳಲೇ ಇಲ್ಲ. ಆ ಆಸ್ಪತ್ರೆಯಲ್ಲೇ ತೀರಿಕೊಂಡರು...

ಹುಡುಗಿ ತೋಳಿಗೆ ಹತ್ತಿ ಒತ್ತಿ ಹೊರಟುಹೋದಳು. ಸಿಟ್ಟು ಇನ್ನೂ ಇದೆ, ಅದನ್ನು ಕೇಳಿಸಿಕೊಳ್ಳಲು ಕಾಕಾ ಇಲ್ಲ. ಆ ನೀರು ನನ್ನನ್ನು ಹಾದಿಗೆ ಹಚ್ಚಲೋ, ಅವರ ಹೆದರಿಕೆ ಮುಚ್ಚಲೋ? ಆ ಪೇಢಾ ಯಾರಿಗಾಗಿ ಕಿಸೆಯಲ್ಲಿತ್ತು?