ಎರೆಭೂತ: ಇಲ್ಲ

ನನ್ನ ಕೈಬರಹದ ಒಂದು ‘ಇಲ್ಲ’ ಪಕ್ಷಿ ಸಂರಕ್ಷಣಾ ಸಂಘದ ಯಾವುದೋ ಕಪಾಟಿನಲ್ಲಿ ಇನ್ನೂ ಇರಬೇಕು. ಬರೆದದ್ದು ತೊಂಬತ್ತರ ದಶಕದಲ್ಲಿ. ವರ್ಷ ಖಚಿತವಿಲ್ಲ. ಬಿಳಿಜೋಳ ಕೊಯ್ಲಿಗೆ ಬಂದಿತ್ತು ಅನ್ನುವುದಷ್ಟೇ ನೆನಪು.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೈಲಹೊಂಗಲದಲ್ಲಿ ಸುಮ್ಮನೆ ಕೂತಿದ್ದ ನನಗೆ ದೇಶಮಟ್ಟದ ಆ ಸಂಘ ಸಮೀಕ್ಷೆಯ ಕೆಲಸ ಕೊಟ್ಟಿತ್ತು. ಎರೆಭೂತ ಅನ್ನುವ, ಎದೆಯೆತ್ತರದ ಹಕ್ಕಿ ಸವದತ್ತಿ ಕಡೆ ಉಳಿದಿದೆಯೇ ಎಂದು ಊರೂರು ಕೇಳಬೇಕು. ‘ಇದೆ’ ಎಂದ ಕಡೆಯ ಮಡ್ಡಿಯನ್ನು, ಅಂದರೆ ಉಳದೆ ಬಿಟ್ಟ ಹುಲ್ಲಿನ ದಿಬ್ಬವನ್ನು, ಉಳಿಸಲು ಸಂಘ ಸರ್ಕಾರಕ್ಕೆ ಬರೆಯುತ್ತಿತ್ತು. ‘ಇಲ್ಲ’ ಎಂದರೆ ಪಟ್ಟಿಯಿಂದ ಹೊರಗೆ. ‘ಇದೆ’ ಅಂದವರಿಗೆ ಮಾತ್ರ ಚಿತ್ರ ತೋರಿಸಬೇಕು, ಮೊದಲೇ ತೋರಿಸಿದರೆ ಜನ ಎಲ್ಲದಕ್ಕೂ ಹೂಂ ಅನ್ನುತ್ತಾರೆ ಎಂಬುದು ನಿಯಮ. ನನಗೆ ಆ ನಿಯಮ ಬಹಳ ಹಿಡಿಸಿತ್ತು.

ಚಚಡಿ ದಾಟಿದ ಮೇಲೆ ಒಂದು ಬದುವಿನಲ್ಲಿ ಗಂಡ ಹೆಂಡತಿ ಬುತ್ತಿ ಬಿಚ್ಚಿ ಕೂತಿದ್ದರು.

“ಕಾಕಾ, ಈ ಕಡೆ ಎರಿಭೂತ ಏನರ ನೋಡೀರೇನ್ರಿ?”

ರೊಟ್ಟಿ ಮುರಿಯುತ್ತಿದ್ದ ಆತನ ಕೈ ನಿಂತಿತು. “ಭೂತಾ? ನಮ್ಮ ಹೊಲದಾಗ ಅಂಥಾದ್ದೇನೂ ಇಲ್ಲ. ಯಾರ್ ಹೇಳ್ಯಾರ ನಿಮಗ? ಬಾಜೂ ಹೊಲದಾಂವೇನು?”

“ಹಕ್ಕಿರಿ ಅದು. ಹೆಸರಷ್ಟ ಭೂತ.”

“ಸಾಲಿ ಕಲ್ತಾವ್ರು ಹಕ್ಕೀಗೂ ಭೂತ ಅಂತೀರಿ! ಈ ಸುದ್ದಿ ಊರಾಗ ಹಬ್ಬಿತಂದ್ರ ಜ್ವಾಳಾ ಕೀಳಾಕ ಒಬ್ಬಾಕಿನೂ ಬರೂದಿಲ್ಲ. ಇಲ್ಲ ಅಂತ ಬರಕೊಳ್ರಿ.”

ಆತ ನೋಡುತ್ತಿದ್ದಂತೆಯೇ ಬರೆದೆ. ಅಷ್ಟರಲ್ಲಿ ಹೆಂಡತಿ, “ಅಲ್ಲ, ಮಡ್ಡಿ ಮ್ಯಾಲೆ ಮಿಡಚಿ ತಿನ್ಕೋಂತ ಅಡ್ಡಾಡತೈತಲ್ಲ, ದೊಡ್ಡದು…” ಎಂದು ಶುರು ಮಾಡಿದಳು. ನಿಜಕ್ಕೂ ಅಂದಳೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಈಗ ಹೇಳಲಾರೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದದ್ದಂತೂ ನಿಜ.

ಎಂಟೊಂಬತ್ತು ವರ್ಷಗಳ ಮೇಲೆ ಬೈಲಹೊಂಗಲದ ಎಪಿಎಂಸಿಯಲ್ಲಿ ಆತನೇ ನನ್ನ ಗುರುತು ಹಿಡಿದ. “ಏನ್ರಿ ಸಾಹೇಬ್ರ, ಭೂತ ಸಿಕ್ತೇನು?”

ನಾನೂ ನಗುತ್ತ ಚೀಲದಲ್ಲಿದ್ದ ಹಕ್ಕಿ ಪುಸ್ತಕ ತೆಗೆದು ಚಿತ್ರ ತೋರಿಸಿದೆ. ಆತ ನಗು ನಿಲ್ಲಿಸಿದ.

“ಇದಾ? ಇದಕ್ಕ ನಾವು ಎರಿಲಡ್ಡ ಅಂತೀವ್ರಿ! ಹಂಗ ಕೇಳಿದ್ರ ಅವತ್ತ ಕೈ ಹಿಡಕೊಂಡ ಹೋಗಿ ತೋರಸ್ತಿದ್ದೆ. ಮೂರು ಇದ್ದೂವು, ನಮ್ಮ ಮಡ್ಡಿ ಮ್ಯಾಲೆ.”

“ಈಗ?”

“ಮಡ್ಡೀನ ಇಲ್ಲರಿ. ಉತ್ತು ಗೋವಿನಜ್ವಾಳ ಹಾಕ್ಯಾರ.”

ನನ್ನ ‘ಇಲ್ಲ’ವನ್ನು ತಿದ್ದಬೇಕೆಂದು ಸಂಘಕ್ಕೆ ಪತ್ರ ಬರೆದೆ. ಕಂಡ ದಿನ, ಸ್ಥಳ, ಕಂಡವರ ಹೆಸರು ಕಳಿಸಿ ಎಂದು ಸೌಜನ್ಯದ ಉತ್ತರ ಬಂತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಮತ್ತೆ ಚಚಡಿ ಕಡೆ ಹೋದೆ. ಬದುಗಳೆಲ್ಲ ಒಂದೇ ಥರ ಕಂಡವು. ಆತನ ಹೆಸರನ್ನು ನಾನು ಎರಡು ಸಲವೂ ಕೇಳಿರಲಿಲ್ಲ.