ವಯಸ್ಸು ಕೇಳುವ ಸತ್ತೆಪ್ಪ

ಮೂಡಲಗಿ ಹತ್ತಿರದ ನಮ್ಮೂರ ವಾಚನಾಲಯಕ್ಕೆ ಯಾರೇ ಬಂದರೂ ಅಲ್ಲಿಯ ಸಹಾಯಕ ಸತ್ತೆಪ್ಪ ಹೆಸರು ಕೇಳುವುದಿಲ್ಲ, ವಯಸ್ಸು ಕೇಳುತ್ತಾರೆ. ಆಮೇಲೆ ರಟ್ಟು ಹರಿದ ನೋಟ್‌ಬುಕ್ ತೆರೆಯುತ್ತಾರೆ. ಅದರಲ್ಲಿ ಒಂದೊಂದು ವಯಸ್ಸಿಗೆ ಒಂದೊಂದು ಪುಟ, ಆ ವಯಸ್ಸಿನಲ್ಲಿ ದೊಡ್ಡವರು ಏನು ಮಾಡಿದರೆಂಬ ಟಿಪ್ಪಣಿ. ಪಿಯುಸಿ ಹುಡುಗಿಯರಿಗೆ, "ಹದಿನೇಳಕ್ಕ ಸಾವಿತ್ರಿಬಾಯಿ ಫುಲೆ ಹೆಣ್ಮಕ್ಕಳ ಸಾಲಿ ತಗದಿದ್ರವ್ವಾ, ನೀವು ಕಿಡಕಿ ಬಾಜೂ ನಗಕೋತ ಕುಂತೀರಿ" ಎಂಬ ಗದರಿಕೆ. ಕಣ್ಣಿಗೆ ಪೊರೆ ಬಂದ ಮುದುಕರಿಗೆ, "ಅರವತ್ತಕ್ಕ ಆಯ್ಲರ್ ಅನ್ನೂ ಗಣಿತದ ಪಂಡಿತರಿಗೆ ಕಣ್ಣ ಕಾಣತಿರ್ಲಿಲ್ಲ ಕಾಕಾ, ಬಾಯಿಲೆ ಹೇಳಿ ಲೆಕ್ಕ ಬರಸ್ತಿದ್ರು" ಎಂಬ ಸಮಾಧಾನ. ಅರಭಾವಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೀಟು ಕೇಳಿದರೆ ಇವರು ಅವನ ವಯಸ್ಸು ಕೇಳುತ್ತಾರೆ. ಮದುವೆಗೆ ಹೋದರೂ ಬಿಡುವುದಿಲ್ಲ. ಅಕ್ಕಿಕಾಳು ಹಾಕುತ್ತಲೇ ಮದುಮಗನ ಕಿವಿಯಲ್ಲಿ, "ಇಪ್ಪತ್ತೈದಕ್ಕ ರಾಮಾನುಜನ್ ಇಂಗ್ಲೆಂಡಿಗೆ ಕಾಗದ ಬರದಿದ್ರು, ನೀವೂ ಏನರ ಬರೀರಿ" ಎನ್ನುತ್ತಾರೆ. ಈ ಮನುಷ್ಯನಿಗೆ ದೊಡ್ಡವರನ್ನು ಬಿಟ್ಟರೆ ಬೇರೆ ಬಳಗವೇ ಇಲ್ಲವೇನೋ ಎಂದು ನಾನು ಗೊಣಗಿದ್ದೂ ಉಂಟು. ಇಷ್ಟು ದಿನ ತಪ್ಪಿಸಿಕೊಂಡಿದ್ದವನು ಹೋದ ವಾರ ಪೇಪರ್ ಓದುತ್ತ ಸಿಕ್ಕಿಬಿದ್ದೆ. "ಐವತ್ತೆಂಟು. ಇನ್ನೇನ್ ಹೊಸಾದು ಮಾಡೂದೈತಿ, ಬಿಡ್ರಿ" ಎಂದೆ. ಸತ್ತೆಪ್ಪ ಪುಟ ಹುಡುಕಿದರು, ಆದರೆ ಎಂದಿನಂತೆ ಗಟ್ಟಿಯಾಗಿ ಓದಲಿಲ್ಲ; ನೋಟ್‌ಬುಕ್ಕನ್ನೇ ನನ್ನ ಕಡೆ ತಿರುಗಿಸಿದರು. ಆ ಪುಟದಲ್ಲಿ ಇದ್ದದ್ದು ಒಬ್ಬರೇ: "ಉದ್ದವ್ವ, ನಮ್ಮವ್ವ. ಅಕ್ಷರ ಕಲಿತು, ಬಸ್ಸಿನ ಬೋರ್ಡು ತಾನೇ ಓದಿ, ಒಬ್ಬಳೇ ಘಟಪ್ರಭಾಕ್ಕೆ ಹೋಗಿ ಬಂದಳು."